ಚೀಟಿಯಲ್ಲಿ ‘ಸಿಎಜಿ, ಎಸ್‌ಒಎಸ್ ಪಿಟಿಸಿಎ’ ಅಂತಿದೆ. ಸಹಿ ಹಾಕುವ ಮೊದಲು ಏನು ಕೇಳಬೇಕು?

ಕಾರಟಗಿ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 61 ವರ್ಷ, ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಶುಗರ್ ಇದೆ. ಈಚೆಗೆ ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆ, ಕೂತರೆ ಸರಿ ಹೋಗುತ್ತದೆ. ಗಂಗಾವತಿಯಲ್ಲಿ ಇಸಿಜಿ ತೆಗೆದು ‘ಅಂಥದ್ದೇನೂ ಕಾಣ್ತಿಲ್ಲ, ಆದರೂ ಬಳ್ಳಾರಿಗೆ ತೋರಿಸಿ’ ಅಂದರು. ಬಳ್ಳಾರಿಯಲ್ಲಿ 2ಡಿ ಎಕೋ (ಹೃದಯದ ಸ್ಕ್ಯಾನಿಂಗ್), ಟಿಎಂಟಿ (ಬೆಲ್ಟ್ ಮೇಲೆ ನಡೆಸಿ ತೆಗೆಯೋ ಇಸಿಜಿ) ಎರಡೂ ಆಯಿತು. ಎಕೋ ರಿಪೋರ್ಟಿನಲ್ಲಿ ಇಎಫ್ 58 ಅಂತಿದೆ. ಟಿಎಂಟಿ ಪಾಸಿಟಿವ್ ಅಂತಿದೆ. ಪಾಸಿಟಿವ್ ಅಂದ್ರೆ ಒಳ್ಳೇದೇ ಅಲ್ವಾ ಅಂತ ಅವ್ವ ಅಂಜನಾದ್ರಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. 58 ನೋಡಿದ ಅಪ್ಪ ‘ಅರ್ಧ ಹಾರ್ಟ್ ಹೋಯ್ತು’ ಅಂತ ರಾತ್ರಿ ಊಟ ಬಿಟ್ಟಿದ್ದಾರೆ.

ಚೀಟಿಯ ಕೊನೆಯಲ್ಲಿ ‘ಸಿಎಜಿ, ಎಸ್‌ಒಎಸ್ ಪಿಟಿಸಿಎ’ ಅಂತ ಬರೆದು, ಸೋಮವಾರ ಕ್ರಿಯಾಟಿನಿನ್ ರಿಪೋರ್ಟ್ ತಗೊಂಡು ಬನ್ನಿ ಅಂದಿದ್ದಾರೆ. ಒಂದು ಫಾರಂ ಕೊಟ್ಟಿದ್ದಾರೆ. ಪೂರ್ತಿ ಇಂಗ್ಲಿಷ್. ಕೆಳಗೆ ಅಪ್ಪನ ಸಹಿ, ನನ್ನ ಸಹಿ. ಆಂಜಿಯೋ ಅಂದ್ರೆ ಆಪರೇಷನ್ನಾ? ಹೋದ ತಕ್ಷಣ ಸ್ಟೆಂಟ್ ಹಾಕಿಬಿಡ್ತಾರಾ? ದುಡ್ಡು ಎಷ್ಟು ಇಟ್ಟುಕೊಂಡಿರಬೇಕು? ಗೊತ್ತಿದ್ದವರು ಹೇಳಿ.

ಸಿಂಧನೂರು ಮೆಡಿಕಲ್ಸ್

ಪಾಸಿಟಿವ್ ಬಂತು ಅಂತ ಪೇಢಾ ಕೊಟ್ಟವರನ್ನೂ ನೋಡಿದ್ದೀನಿ, ನೆಗೆಟಿವ್ ಬಂತು ಅಂತ ಅಂಗಡಿ ಮುಂದೆ ಅತ್ತವರನ್ನೂ ನೋಡಿದ್ದೀನಿ. ಲ್ಯಾಬ್ ಭಾಷೆಯಲ್ಲಿ ಪಾಸಿಟಿವ್ ಅಂದರೆ ಹುಡುಕಿದ್ದು ಸಿಕ್ಕಿತು ಅಂತ. ಅವರು ಹುಡುಕಿದ್ದು ತೊಂದರೆಯನ್ನ. ಉಳಿದಿದ್ದು ಕ್ಯಾತ್‌ಲ್ಯಾಬ್ ಅಣ್ಣ ಹೇಳಲಿ, ಈ ಗುಂಪಿನಲ್ಲೇ ಇದ್ದಾರೆ. ಕ್ಯಾತ್‌ಲ್ಯಾಬ್ ಅಂದರೆ ಆಂಜಿಯೋ ಮಾಡೋ ಕೋಣೆ, ಅಲ್ಲೇ ಅವರ ಕೆಲಸ.

ಕ್ಯಾತ್‌ಲ್ಯಾಬ್ ಅಣ್ಣ

ತಮ್ಮಾ, ಮೊದಲು ಅಪ್ಪನಿಗೆ ಊಟ ಮಾಡೋಕೆ ಹೇಳು. ಇಎಫ್ 58 ಅಂದರೆ ನಾರ್ಮಲ್. ಎಡಗಡೆ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ನೂರರಲ್ಲಿ ಎಷ್ಟು ಭಾಗ ಹೊರಗೆ ಹೋಗುತ್ತದೆ ಅನ್ನೋ ಲೆಕ್ಕ ಅದು. ಗಟ್ಟಿಮುಟ್ಟಾದ ಹೃದಯದಲ್ಲೂ 55ರಿಂದ 70ರ ಒಳಗೇ ಇರುತ್ತದೆ. ನೂರಕ್ಕೆ ನೂರು ಯಾರಿಗೂ ಬರೋದಿಲ್ಲ. ಪರೀಕ್ಷೆಯ ಮಾರ್ಕ್ಸ್ ಅಲ್ಲ ಅದು.

ಇಸಿಜಿ ಚೆನ್ನಾಗಿದ್ದೂ ಟಿಎಂಟಿ ಪಾಸಿಟಿವ್ ಬರಬಹುದು. ಮಲಗಿದಾಗ ಹೃದಯಕ್ಕೆ ಕೆಲಸ ಕಡಿಮೆ, ಇಸಿಜಿಯಲ್ಲಿ ಏನೂ ಕಾಣೋದಿಲ್ಲ. ಬೆಲ್ಟ್ ಮೇಲೆ ನಡೆಸಿದಾಗ ರಕ್ತ ಸಾಲದೇ ಇಸಿಜಿ ಗೆರೆ ಬದಲಾಗುತ್ತದೆ. ಅಪ್ಪನಿಗೆ ಮೆಟ್ಟಿಲಲ್ಲಿ ಆಗ್ತಿರೋದೂ ಅದೇ. ಟಿಎಂಟಿ ಕೆಲವು ಸಲ ಸುಳ್ಳು ಪಾಸಿಟಿವ್ ಕೊಡುತ್ತದೆ, ನಿಜ. ಆದರೆ ಶುಗರ್ ಇದ್ದು, ಇಂಥ ನೋವೂ ಇದ್ದರೆ ಡಾಕ್ಟರ್ ಸುಮ್ನೆ ಬಿಡೋದಿಲ್ಲ.

ಈಗ ಚೀಟಿ. ಸಿಎಜಿ ಅಂದರೆ ಕೊರೊನರಿ ಆಂಜಿಯೋಗ್ರಾಂ. ಇದು ಪರೀಕ್ಷೆ. ಪಿಟಿಸಿಎ ಅಂದರೆ ಆಂಜಿಯೋಪ್ಲಾಸ್ಟಿ, ಬಲೂನ್ ಹಾಕಿ ಬ್ಲಾಕ್ ಅಗಲ ಮಾಡಿ ಸ್ಟೆಂಟ್ ಅನ್ನೋ ಸಣ್ಣ ಜಾಲರಿ ಕೊಳವೆ ಕೂರಿಸೋದು. ಇದು ಚಿಕಿತ್ಸೆ. ನಡುವೆ ಇರುವ ಎಸ್‌ಒಎಸ್ ಅಂದರೆ ‘ಬೇಕಾದರೆ’. ನಮ್ಮ ಕಡೆ ಎರಡಕ್ಕೂ ‘ಆಂಜಿಯೋ’ ಅಂತಲೇ ಅಂತೀವಿ, ಗೊಂದಲ ಶುರುವಾಗೋದೇ ಅಲ್ಲಿ. ‘ಆಂಜಿಯೋ ಆಯ್ತು’ ಅಂತ ಫೋನ್ ಬಂದರೆ ನೋಡಿದರೋ, ಸ್ಟೆಂಟ್ ಹಾಕಿದರೋ ಮನೆಯವರಿಗೇ ಗೊತ್ತಿರೋದಿಲ್ಲ.

ಆಂಜಿಯೋಗ್ರಾಂನಲ್ಲಿ ಏನು ಮಾಡ್ತೀವಿ ಅಂದರೆ, ಮಣಿಕಟ್ಟಿನ ನಾಡಿ ಸಿಗೋ ಜಾಗದಲ್ಲಿ ಅಥವಾ ತೊಡೆಸಂದಿಯಲ್ಲಿ ಮರಗಟ್ಟೋ ಇಂಜೆಕ್ಷನ್ ಕೊಡುತ್ತಾರೆ. ಅಲ್ಲಿಂದ ನೂಡಲ್ಸ್ ದಪ್ಪದ ಒಂದು ಟ್ಯೂಬ್ ರಕ್ತನಾಳದ ಒಳಗೇ ಹೃದಯದ ತನಕ ಹೋಗುತ್ತದೆ. ಪೇಷಂಟ್ ಎಚ್ಚರವಾಗೇ ಇರುತ್ತಾರೆ, ಪಕ್ಕದ ಟಿವಿಯಲ್ಲಿ ತಾವೇ ನೋಡಬಹುದು. ನಾಳ ಎಕ್ಸ್‌ರೇಯಲ್ಲಿ ಕಾಣಲಿ ಅಂತ ಡೈ ಅನ್ನೋ ದ್ರವ ಬಿಟ್ಟಾಗ ಮೈಯೆಲ್ಲಾ ಒಮ್ಮೆ ಬಿಸಿ ಆದಂತಾಗುತ್ತದೆ, ಉಚ್ಚೆ ಹೋಯ್ತೇನೋ ಅನಿಸುತ್ತದೆ. ಹೆದರಬೇಡಿ, ಹೋಗಿರೋದಿಲ್ಲ. ಹೊಲಿಗೆ ಇಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯ ಒಳಗೆ ಮುಗಿಯುತ್ತದೆ. ಆಮೇಲೆ ಕೈಗೆ ಒಂದು ಬಿಗಿ ಪಟ್ಟಿ ಹಾಕಿ ಕೂರಿಸುತ್ತಾರೆ.

ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ನೋಡೋ ರಕ್ತಪರೀಕ್ಷೆ. ಅದನ್ನ ಕೇಳಿದ್ದು ಆ ಡೈ ಕಿಡ್ನಿಯ ಮೂಲಕ ಹೊರಗೆ ಹೋಗಬೇಕು ಅಂತ. ಅಪ್ಪ ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ತಿದ್ದರೆ ಹೇಳಲೇಬೇಕು, ಕೆಲವರಿಗೆ ಸ್ವಲ್ಪ ದಿನ ನಿಲ್ಲಿಸೋಕೆ ಹೇಳುತ್ತಾರೆ. ಹಿಂದೆ ಸಿಟಿ ಸ್ಕ್ಯಾನ್ ಡೈನಿಂದ ತುರಿಕೆ, ದಮ್ಮು ಆಗಿದ್ದರೆ ಅದನ್ನೂ ಹೇಳಿ.

ಹಳೇ ಬಳ್ಳಾರಿ

ಆಂಜಿಯೋ ಹೆಸರು ಬಂದಾಗಲೆಲ್ಲ ಫೋರ್ಸ್‌ಮನ್ ನೆನಪಾಗುತ್ತಾನೆ. 1929ರಲ್ಲಿ ಜರ್ಮನಿಯ ಈ ಯುವ ಡಾಕ್ಟರ್, ಹೃದಯದ ತನಕ ಟ್ಯೂಬ್ ಹಾಕಬಹುದು ಅಂತ ತೋರಿಸೋಕೆ ತನ್ನ ತೋಳಿನ ರಕ್ತನಾಳಕ್ಕೇ ಟ್ಯೂಬ್ ತೂರಿಸಿಕೊಂಡು, ನಡೆದುಕೊಂಡೇ ಎಕ್ಸ್‌ರೇ ಕೋಣೆಗೆ ಹೋಗಿ ಚಿತ್ರ ತೆಗೆಸಿದ. ಮೇಲಿನವರಿಂದ ಬೈಸಿಕೊಂಡ. 1956ರಲ್ಲಿ ನೊಬೆಲ್ ಬಂತು. ಬಲೂನ್ ಹಾಕಿ ಹೃದಯದ ನಾಳ ಅಗಲ ಮಾಡಿದ್ದು ಗ್ರುಂಟ್ಸಿಗ್, 1977ರಲ್ಲಿ, ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ.

ಮಸ್ಕಿ ಸೊಸೆ

ಕಾಕಾ, ಆ ಹುಡುಗ ಸೋಮವಾರ ಆಸ್ಪತ್ರೆಗೆ ಹೋಗಬೇಕು, ನೀವು ಜೂರಿಕ್‌ಗೆ ಕರ್ಕೊಂಡು ಹೋದ್ರಿ 😄

ಹಳೇ ಬಳ್ಳಾರಿ

ಸರ್ಕಾರಿ ಲ್ಯಾಬಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು ಕಣವ್ವಾ. ಇಷ್ಟಾದರೂ ಹೇಳಿಕೊಳ್ಳೋಕೆ ಬಿಡು.

ವಕೀಲರ ಮನೆ, ಕೊಪ್ಪಳ

ಫಾರಂ ಬಗ್ಗೆ ನಾನು ಹೇಳ್ತೀನಿ, ಇದು ಮುಖ್ಯ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೂ ಸಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲೇ ಹೇಳಿದೆ. ಆ ಕೇಸಿನಲ್ಲಿ 44 ವರ್ಷದ ಮಹಿಳೆ ಲ್ಯಾಪ್ರೋಸ್ಕೋಪಿ ಪರೀಕ್ಷೆಗೆ ಒಪ್ಪಿದ್ದರು, ಅಂದರೆ ದುರ್ಬೀನು ಹಾಕಿ ಒಳಗೆ ನೋಡೋದಕ್ಕೆ ಮಾತ್ರ. ಅವರು ಅರಿವಳಿಕೆಯಲ್ಲಿ ಇರುವಾಗಲೇ ಹೊರಗಿದ್ದ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಪೇಷಂಟ್ ವಯಸ್ಸಿಗೆ ಬಂದವರು, ತಾತ್ಕಾಲಿಕವಾಗಿ ಎಚ್ಚರ ಇಲ್ಲ ಅಷ್ಟೇ, ಜೀವಕ್ಕೆ ತಕ್ಷಣದ ಅಪಾಯವೂ ಇರಲಿಲ್ಲ, ಹಾಗಾಗಿ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂತ ಕೋರ್ಟ್ ಹೇಳಿತು. ಜೀವ ಉಳಿಸೋಕೆ ತಡ ಮಾಡುವಂತಿಲ್ಲ ಅನ್ನುವಾಗ ಮಾತ್ರ ಡಾಕ್ಟರ್ ಮುಂದುವರಿಯಬಹುದು. ಎರಡಕ್ಕೂ ಒಟ್ಟಿಗೆ ಮೊದಲೇ ಒಪ್ಪಿಗೆ ತಗೊಂಡರೆ ಅದು ಸರಿ.

ನಿಮ್ಮ ಫಾರಂ ಆ ಎರಡನೇ ಥರದ್ದು ಅನಿಸುತ್ತದೆ. ಅದರಲ್ಲಿ ತಪ್ಪಿಲ್ಲ. ಆದರೆ ಗೊತ್ತಿದ್ದು ಸಹಿ ಹಾಕಬೇಕು. ‘ಇದು ನೋಡೋದಕ್ಕಾ, ಮಾಡೋದಕ್ಕಾ, ಎರಡಕ್ಕೂನಾ?’ ಅಂತ ಒಂದೇ ಪ್ರಶ್ನೆ ಕೇಳಿ. ಅಪ್ಪನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕಾದ್ದು ಅವರ ಕೆಲಸ. ಮಾನವ ಹಕ್ಕುಗಳ ಆಯೋಗ 2018ರಲ್ಲಿ ತಂದ ರೋಗಿಗಳ ಹಕ್ಕುಪಟ್ಟಿಯಲ್ಲಿ ಇದೂ ಇದೆ, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯುವ ಹಕ್ಕೂ ಇದೆ. ಮತ್ತೆ, ಸಹಿ ಅಪ್ಪನದೇ ಮೊದಲು. ಅವರು ಎಚ್ಚರವಾಗಿ, ಬುದ್ಧಿ ಸರಿಯಾಗಿ ಇರುವಾಗ ಮಗನ ಸಹಿ ಸಾಕ್ಷಿಗೆ ಅಷ್ಟೇ.

ತೋರಣಗಲ್ಲು ಶಿಫ್ಟ್

ಪುಸ್ತಕದ ಮಾತು ಮೇಡಂ. ಕ್ಯಾತ್‌ಲ್ಯಾಬ್ ಬಾಗಿಲಲ್ಲಿ ಒಬ್ಬರು ಓಡಿ ಬಂದು ‘90 ಪರ್ಸೆಂಟ್ ಬ್ಲಾಕ್, ಈಗಲೇ ಹೇಳಿ’ ಅಂತಾರೆ. ನಮ್ಮ ಮಾವನಿಗೆ ಹಾಗೇ ಆಯ್ತು. ಪ್ರಶ್ನೆ ಕೇಳಿದರೆ ‘ನಿಮ್ಮ ಇಷ್ಟ, ಆಮೇಲೆ ನಮ್ಮನ್ನು ಕೇಳಬೇಡಿ’ ಅಂದರು. ಆ ಹೊತ್ತಲ್ಲಿ ಯಾರಿಗೆ ತಾನೇ ಇಲ್ಲ ಅನ್ನೋಕೆ ಬಾಯಿ ಬರುತ್ತೆ?

ಕ್ಯಾತ್‌ಲ್ಯಾಬ್ ಅಣ್ಣ

ಅದಕ್ಕೇ ಹಿಂದಿನ ದಿನವೇ ಕೇಳಿ ಅನ್ನೋದು. ಎರಡು ಸಂದರ್ಭ ಬೇರೆ ಮಾಡಿ ನೋಡಿ. ಹಾರ್ಟ್ ಅಟ್ಯಾಕ್ ಆಗಿ ಬಂದವರಿಗೆ ಒಂದೊಂದು ನಿಮಿಷವೂ ಲೆಕ್ಕ. ಆಗ ಬಾಗಿಲಲ್ಲಿ ಚರ್ಚೆ ಮಾಡುತ್ತಾ ನಿಲ್ಲಬೇಡಿ, ನಾಳ ತೆರೆಯಲಿ. ಈ ಹುಡುಗನ ಅಪ್ಪ ಹಾಗಲ್ಲ, ನಡೆದುಕೊಂಡು ಬರುವವರು. ಇಂಥವರಲ್ಲಿ ಚಿತ್ರ ನೋಡಿ, ಕೂತು ಮಾತಾಡಿ, ಆಮೇಲೆ ತೀರ್ಮಾನ ಮಾಡೋಕೆ ಸಾಮಾನ್ಯವಾಗಿ ಸಮಯ ಇರುತ್ತದೆ. ಆಂಜಿಯೋಗ್ರಾಂ ಸಿಡಿ ಕೇಳಿ ತಗೊಳ್ಳಿ. ಬರೀ ರಿಪೋರ್ಟ್ ಕಾಗದ ಸಾಲದು. ಇನ್ನೊಬ್ಬ ಡಾಕ್ಟರ್ ಸಿಡಿಯನ್ನೇ ಕೇಳುತ್ತಾರೆ.

ಆದರೆ ಇನ್ನೊಂದು ಮಾತೂ ನ್ಯಾಯವಾಗಿ ಹೇಳಬೇಕು. ಒಂದೇ ಸಲಕ್ಕೆ ಮುಗಿಸಿದರೆ ಎರಡು ಸಲ ಚುಚ್ಚೋದು, ಎರಡು ಸಲ ಡೈ ತಪ್ಪುತ್ತದೆ. ‘ಒಂದು ನಾಳದಲ್ಲಿ ಸರಳ ಬ್ಲಾಕ್ ಇದ್ದರೆ ಮಾಡಿ, ಜಾಸ್ತಿ ಇದ್ದರೆ ನಿಲ್ಲಿಸಿ ಹೇಳಿ’ ಅಂತಲೂ ಮೊದಲೇ ಹೇಳಿಕೊಳ್ಳಬಹುದು. ಎಷ್ಟೋ ಡಾಕ್ಟರು ಇದಕ್ಕೆ ಖುಷಿಯಿಂದ ಒಪ್ಪುತ್ತಾರೆ.

ಆಶಾ, ಕುಷ್ಟಗಿ

ದುಡ್ಡಿನ ಬಗ್ಗೆ ಯಾರೂ ಹೇಳಲಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲದೆ ಖಾಸಗಿಯಲ್ಲಿ ಯೋಜನೆ ನಡೆಯೋದಿಲ್ಲ. ಜನ ನೇರ ಹೋಗಿ ಅಡ್ಮಿಟ್ ಆಗಿ, ಆಮೇಲೆ ಪತ್ರಕ್ಕೆ ಓಡಾಡುತ್ತಾರೆ. ಮೊದಲು ಪತ್ರ, ಆಮೇಲೆ ಬೆಡ್.

ಇನ್ನೊಂದು. ದಾರಿಯಲ್ಲಿ ಎದೆನೋವು ಜಾಸ್ತಿ ಆದರೆ ಬಳ್ಳಾರಿ ತನಕ ಓಡಿಸಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಅಂತ 2023ರಿಂದ ಯೋಜನೆ ಇದೆ. ಅದು ಇರುವ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದರೆ ರಕ್ತದ ಗಡ್ಡೆ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ಆಗುತ್ತದೆ.

ಸಿಂಧನೂರು ಮೆಡಿಕಲ್ಸ್

ಸ್ಟೆಂಟಿಗೆ ಗರಿಷ್ಠ ಬೆಲೆ ಇದೆ. ಔಷಧ ಲೇಪಿಸಿದ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಕೇಂದ್ರ 29,600 ರೂಪಾಯಿ ಅಂತ ಗೆರೆ ಹಾಕಿತು. ಆಮೇಲೆ ಪರಿಷ್ಕರಣೆ ಆಗಿದೆ, ಆದರೆ ಮೊದಲಿನ ಹಾಗೆ ಒಂದು ಸ್ಟೆಂಟಿಗೇ ಲಕ್ಷಗಟ್ಟಲೆ ಬಿಲ್ ಮಾಡುವಂತಿಲ್ಲ. ಬಿಲ್ಲಿನಲ್ಲಿ ಸ್ಟೆಂಟ್ ಬೆಲೆ ಬೇರೆ ಬರೆಯಿಸಿ, ಸ್ಟೆಂಟ್ ಡಬ್ಬಿಯ ಸ್ಟಿಕರ್ ಇಸ್ಕೊಳ್ಳಿ.

ಕಾರಟಗಿ ಹುಡುಗ

ಎಲ್ಲರಿಗೂ ಧನ್ಯವಾದ. ಸೋಮವಾರ ಆಂಜಿಯೋಗ್ರಾಂ ಆಯಿತು. ಅಪ್ಪ ನೂರಕ್ಕೆ ನೂರು ಧೈರ್ಯವಾಗಿದ್ದರು, ನಾನೇ ಬೆವರಿದ್ದು. ಮೂರು ನಾಳದಲ್ಲೂ ಬ್ಲಾಕ್ ಇದೆಯಂತೆ. ಡಾಕ್ಟರ್ ಅಲ್ಲೇ ನಿಲ್ಲಿಸಿ ಹೊರಗೆ ಬಂದು ‘ಶುಗರ್ ಇದೆ, ಮೂರೂ ಕಡೆ ಇದೆ, ಇವರಿಗೆ ಸ್ಟೆಂಟಿಗಿಂತ ಕ್ಯಾಬೇಜ್ ಒಳ್ಳೇದು’ ಅಂದರು. ಅವ್ವ ‘ನಾಳೆಯಿಂದ ದಿನಾ ಮಾಡಿ ಕೊಡ್ತೀನಿ ಸಾಹೇಬ್ರ’ ಅಂದಳು.

ಮಸ್ಕಿ ಸೊಸೆ

ಅಯ್ಯೋ ದೇವರೇ 😂 ನಿಮ್ಮ ಅವ್ವನಿಗೆ ನಮಸ್ಕಾರ.

ಕ್ಯಾತ್‌ಲ್ಯಾಬ್ ಅಣ್ಣ

ನಾವು ದಿನಾ ಹಾಗೇ ಅಂತೀವಿ, ತಪ್ಪು ನಿಮ್ಮ ಅವ್ವನದಲ್ಲ. ಸಿಎಬಿಜಿ, ಬೈಪಾಸ್ ಆಪರೇಷನ್. ಇದು ಮಾತ್ರ ದೊಡ್ಡ ಆಪರೇಷನ್ನೇ, ಎದೆಮೂಳೆ ತೆರೆಯುತ್ತಾರೆ, ಪೂರ್ತಿ ಮಂಪರು ಕೊಡುತ್ತಾರೆ. ನಮ್ಮ ಎಡದಂಡೆ ಕಾಲುವೆಯಲ್ಲಿ ಹೂಳು ತುಂಬಿದ ಜಾಗ ಬಿಟ್ಟು ಪಕ್ಕದಲ್ಲಿ ಹೊಸ ತೋಡು ತೆಗೆದು ಕೆಳಗಿನ ಗದ್ದೆಗೆ ನೀರು ಕೊಟ್ಟ ಹಾಗೆ. ಹೂಳು ಅಲ್ಲೇ ಇರುತ್ತದೆ, ನೀರು ಸುತ್ತಿ ಹೋಗುತ್ತದೆ. ಆ ತೋಡಿಗೆ ಎದೆಗೋಡೆಯ ಒಳಗಿನ ಒಂದು ರಕ್ತನಾಳ, ಕಾಲಿನ ಉದ್ದ ರಕ್ತನಾಳ ಇಂಥವನ್ನ ಬಳಸುತ್ತಾರೆ. ಆಪರೇಷನ್ ಆದಮೇಲೆ ‘ಹಾರ್ಟಿಗೆ ಅಂದು ಕಾಲು ಯಾಕೆ ಕೊಯ್ದರು’ ಅಂತ ಜಗಳಕ್ಕೆ ಬರೋರು ಇದ್ದಾರೆ, ಅದಕ್ಕೆ ಮೊದಲೇ ಹೇಳ್ತಿದೀನಿ.

ಶುಗರ್ ಇದ್ದು ಹಲವು ನಾಳಗಳಲ್ಲಿ ಬ್ಲಾಕ್ ಇದ್ದವರಿಗೆ ಸ್ಟೆಂಟಿಗಿಂತ ಬೈಪಾಸ್ ಒಳ್ಳೇದು ಅಂತ ದೊಡ್ಡ ಅಧ್ಯಯನಗಳು ಹೇಳಿವೆ. ನಿಲ್ಲಿಸಿ ಹೇಳಿದ ಡಾಕ್ಟರ್ ಸರಿಯಾದವರು. ಸಿಡಿ ಹಿಡಿದು ಒಬ್ಬ ಹೃದಯ ಸರ್ಜನ್ ಹತ್ತಿರ ಹೋಗಿ. ಕಲಬುರಗಿಯ ಜಯದೇವ ನಿಮಗೆ ಬೆಂಗಳೂರಿಗಿಂತ ಹತ್ತಿರ.

ಮಸ್ಕಿ ಸೊಸೆ

ಅಣ್ಣಾ, ನಗುತ್ತಾ ಓದ್ತಿದ್ದೆ, ಈಗ ಒಂದು ಚಿಂತೆ ಹತ್ತಿದೆ. ನಮ್ಮ ಮೈದುನನಿಗೆ ಹೋದ ಬೇಸಿಗೆಯಲ್ಲಿ ಕಿಡ್ನಿ ಕಲ್ಲು ತೆಗೆದರು. ಡಿಸ್ಚಾರ್ಜ್ ಕಾಗದದಲ್ಲಿ ‘ಡಿಜೆ ಸ್ಟೆಂಟ್ ಇನ್ ಸಿಟು’ ಅಂತಿದೆ. ಸ್ಟೆಂಟ್ ಅಂದ್ರೆ ಒಳಗೇ ಇರೋದು ಅಲ್ವಾ ಅಂತ ನಾವು ಸುಮ್ನೆ ಇದ್ದೀವಿ. ಅವನು ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿಬಿಟ್ಟ. ಆಗಾಗ ಉಚ್ಚೆ ಕೆಂಪಗೆ ಬರುತ್ತೆ ಅಂತಾನೆ.

ರಾಯಚೂರು ಸಿಸ್ಟರ್

ಅಕ್ಕಾ, ಇವತ್ತೇ ಫೋನ್ ಮಾಡಿ. ‘ಇನ್ ಸಿಟು’ ಅಂದರೆ ಇನ್ನೂ ಒಳಗೇ ಇದೆ ಅಂತ. ಹೃದಯದ ಸ್ಟೆಂಟ್ ಒಳಗೇ ಇರೋದು, ತೆಗೆಯೋದಿಲ್ಲ. ಡಿಜೆ ಸ್ಟೆಂಟ್ ತೆಗೆಯಲೇಬೇಕು. ಅದು ಕಿಡ್ನಿಯಿಂದ ಮೂತ್ರಚೀಲದ ತನಕ ಇರೋ ಮೆತ್ತನೆಯ ಸಣ್ಣ ಪ್ಲಾಸ್ಟಿಕ್ ಕೊಳವೆ. ಜಾರಬಾರದು ಅಂತ ಎರಡೂ ತುದಿ ಕೊಕ್ಕೆಯ ಹಾಗೆ ಸುತ್ತಿಕೊಂಡಿರುತ್ತದೆ. ಕಲ್ಲು ತೆಗೆದಮೇಲೆ ನಾಳ ಊದಿಕೊಂಡು ಉಚ್ಚೆ ನಿಲ್ಲಬಾರದು ಅಂತ ಹಾಕುತ್ತಾರೆ. ಸಾಮಾನ್ಯವಾಗಿ ಕೆಲವು ವಾರಕ್ಕೆ ತೆಗೆಯೋದು, ತೀರಾ ಅಂದರೆ ಮೂರು ತಿಂಗಳ ಆಸುಪಾಸು. ಜಾಸ್ತಿ ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟುತ್ತದೆ. ಆಗ ಎಳೆದರೆ ಬರೋದಿಲ್ಲ, ಅದಕ್ಕೇ ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಕಿಡ್ನಿಯೇ ಹಾಳಾದವರನ್ನ ವಾರ್ಡಿನಲ್ಲಿ ನೋಡಿದ್ದೀನಿ.

ಸ್ಟೆಂಟ್ ಇರುವಾಗ ಸ್ವಲ್ಪ ರಕ್ತ ಬರೋದು, ಮತ್ತೆ ಮತ್ತೆ ಉಚ್ಚೆಗೆ ಹೋಗಬೇಕು ಅನಿಸೋದು, ಹೋಗುವಾಗ ಪಕ್ಕೆ ನೋಯೋದು ಇದ್ದೇ ಇರುತ್ತದೆ. ಆದರೆ ಜ್ವರ, ಚಳಿ ಬಂದರೆ ತುರ್ತು. ಬೆಂಗಳೂರಲ್ಲೇ ಯಾವುದಾದರೂ ಸರ್ಕಾರಿ ಆಸ್ಪತ್ರೆಯ ಯೂರಾಲಜಿಗೆ, ಅಂದರೆ ಮೂತ್ರದ ತೊಂದರೆ ನೋಡೋ ವಿಭಾಗಕ್ಕೆ ಹೋಗಲಿ, ಡಿಸ್ಚಾರ್ಜ್ ಕಾಗದದ ಫೋಟೋ ಕಳಿಸಿ. ಒಂದು ಎಕ್ಸ್‌ರೇ ತೆಗೆದರೆ ಸ್ಟೆಂಟ್ ಹೇಗಿದೆ ಗೊತ್ತಾಗುತ್ತದೆ. ಕಲ್ಲು ಕಟ್ಟಿಲ್ಲ ಅಂದರೆ ತೆಗೆಯೋದು ಕೆಲವೇ ನಿಮಿಷ. ಜೆಲ್ಲಿ ಹಾಕಿ, ಉಚ್ಚೆ ದಾರಿಯಲ್ಲಿ ಸಿಸ್ಟೋಸ್ಕೋಪ್ ಅನ್ನೋ ಸಣ್ಣ ದುರ್ಬೀನು ಬಿಟ್ಟು ಹಿಡಿದು ಎಳೆಯುತ್ತಾರೆ.

ನಮ್ಮ ಕಡೆ ಇದು ತುಂಬಾ ಆಗುತ್ತದೆ. ಬಿಸಿಲಿಗೆ ಕಲ್ಲು ಜಾಸ್ತಿ, ಆಪರೇಷನ್ ಆದಮೇಲೆ ಜನ ಗುಳೆ ಹೋಗುತ್ತಾರೆ, ನೋವು ಕಡಿಮೆ ಆಗಿರುತ್ತದೆ, ಕಾಗದ ಟ್ರಂಕಿನಲ್ಲಿ. ಡಿಸ್ಚಾರ್ಜ್ ಮಾಡುವಾಗ ನಾನಂತೂ ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ತಾರೀಖು ಬರೆದು ‘ಪೈಪ್ ಒಳಗಿದೆ, ತೆಗೆಸಬೇಕು’ ಅಂತ ಕನ್ನಡದಲ್ಲಿ ಬರೀತೀನಿ. ಸ್ಟೆಂಟ್ ಅನ್ನೋ ಮಾತೇ ಎತ್ತೋದಿಲ್ಲ.

ಬೇರಿನ ಔಷಧಿ

ಕಿಡ್ನಿ ಕಲ್ಲಿಗೆ ಆಪರೇಷನ್ ಯಾಕೆ, ನಮ್ಮಲ್ಲಿ ಮೂರೇ ಡೋಸ್… *(ಈ ಸಂದೇಶ ತೆಗೆಯಲಾಗಿದೆ)*

ನಿರ್ವಾಹಕರು

ಜಾಹೀರಾತು ಬೇಡ. ಇದು ಎರಡನೇ ಎಚ್ಚರಿಕೆ.

ಮಸ್ಕಿ ಸೊಸೆ

ಸಿಸ್ಟರ್, ಫೋನ್ ಮಾಡಿದೆ. ಮೇಸ್ತ್ರಿ ರಜೆ ಕೊಟ್ಟಿದ್ದಾನೆ, ನಾಳೆ ಹೋಗ್ತಾನಂತೆ. ನಿಮ್ಮ ಹೊಟ್ಟೆ ತಣ್ಣಗಿರಲಿ.

ದೇವದುರ್ಗ ಮೇಷ್ಟ್ರು

ನನ್ನದೂ ಒಂದು ಪ್ರಶ್ನೆ. ಮಗಳಿಗೆ 19. ಕತ್ತಿನ ಪಕ್ಕ ಗಂಟು ಬಂದಿದೆ. ಎಫ್‌ಎನ್‌ಎಸಿ ಮಾಡಿದರು, ಈಗ ಬಯಾಪ್ಸಿ ಮಾಡಬೇಕು ಅಂತಾರೆ. ಬಯಾಪ್ಸಿ ಅಂದಮೇಲೆ ಕ್ಯಾನ್ಸರೇ ಅಂತ ಬೀಗರು ಹೇಳ್ತಿದ್ದಾರೆ. ಸೂಜಿ ಮುಟ್ಟಿಸಿದರೆ ಹರಡುತ್ತೆ ಅಂತ ಮನೆಯಲ್ಲಿ ಗಲಾಟೆ. ಮದುವೆ ಮಾತು ಬೇರೆ ನಡೀತಿದೆ.

ಹಳೇ ಬಳ್ಳಾರಿ

ಮೇಷ್ಟ್ರೇ, ಇದು ನನ್ನ ಹೊಲ, ಇಲ್ಲಿ ನಾನೇ ಮಾತಾಡ್ತೀನಿ. ಎಫ್‌ಎನ್‌ಎಸಿ ಅಂದರೆ ಇಂಜೆಕ್ಷನ್ ಸೂಜಿಯಷ್ಟೇ ತೆಳ್ಳಗಿನ ಸೂಜಿಯಿಂದ ಕೆಲವು ಜೀವಕೋಶ ಎಳೆದು ಗಾಜಿನ ಮೇಲೆ ಸವರಿ ನೋಡೋದು. ಬಯಾಪ್ಸಿ ಅಂದರೆ ಒಂದು ಚೂರನ್ನೇ ತೆಗೆಯೋದು. ಚೂರು ಸಿಕ್ಕರೆ ಜೀವಕೋಶಗಳು ಹೇಗೆ ಜೋಡಿಸಿಕೊಂಡಿವೆ ಅಂತ ಕಾಣುತ್ತದೆ. ಎಫ್‌ಎನ್‌ಎಸಿಯಲ್ಲಿ ಸ್ಪಷ್ಟ ಆಗದಿದ್ದರೆ ಬಯಾಪ್ಸಿ ಕೇಳೋದು ರೂಢಿ. ಎರಡೂ ಪರೀಕ್ಷೆಯೇ. ಬಯಾಪ್ಸಿ ಬರೆದ ಕೂಡಲೇ ಕ್ಯಾನ್ಸರ್ ಅಂತಲ್ಲ. ಗ್ಯಾಸ್ಟ್ರಿಕ್‌ಗೆ ಎಂಡೋಸ್ಕೋಪಿ ಮಾಡಿದಾಗಲೂ ಎಚ್ ಪೈಲೋರಿ ಅನ್ನೋ ಕ್ರಿಮಿ ನೋಡೋಕೆ ಚೂರು ತೆಗೆಯುತ್ತಾರೆ. ಸೂಜಿ ಮುಟ್ಟಿದರೆ ಹರಡುತ್ತೆ ಅನ್ನೋ ಹೆದರಿಕೆಯಿಂದ ತಿಂಗಳುಗಟ್ಟಲೆ ಮನೆಯಲ್ಲಿ ಕೂತವರಿಗೇ ಜಾಸ್ತಿ ನಷ್ಟ ಆಗಿದ್ದು.

19 ವರ್ಷ, ಕತ್ತಿನ ಗಂಟು ಅಂದರೆ ನಮ್ಮ ದೇಶದಲ್ಲಿ ಟಿಬಿಯನ್ನೂ ಮನಸ್ಸಲ್ಲಿ ಇಟ್ಟುಕೊಳ್ಳುತ್ತಾರೆ. ಟಿಬಿ ಆದರೆ ಮಾತ್ರೆಯಲ್ಲೇ ವಾಸಿ ಆಗುತ್ತದೆ. ಅದಕ್ಕೇ ಒಂದು ವಿಷಯ ನೆನಪಿಟ್ಟುಕೊಳ್ಳಿ. ಚೂರು ತೆಗೆದಮೇಲೆ ಅದನ್ನ ಫಾರ್ಮಲಿನ್ ಇರುವ ಸಣ್ಣ ಡಬ್ಬಿಗೆ ಹಾಕುತ್ತಾರೆ, ಮೂಗು ಉರಿಯುವ ವಾಸನೆ ಇರುತ್ತದಲ್ಲ, ಅದು. ಪೆಥಾಲಜಿಯವರಿಗೆ ಅದು ಸರಿ. ಆದರೆ ಫಾರ್ಮಲಿನ್ ಟಿಬಿ ಕ್ರಿಮಿಯನ್ನ ಕೊಂದುಬಿಡುತ್ತದೆ, ಕಲ್ಚರ್, ಅಂದರೆ ಕ್ರಿಮಿ ಬೆಳೆಸಿ ನೋಡೋ ಪರೀಕ್ಷೆ, ಆಗೋದಿಲ್ಲ. ಕಲ್ಚರಿಗೆ, ಸಿಬಿನಾಟ್ ಅನ್ನೋ ಟಿಬಿ ಪರೀಕ್ಷೆಗೆ ಇನ್ನೊಂದು ಚೂರು ಬರೀ ಸಲೈನ್ ಇರುವ ಡಬ್ಬಿಯಲ್ಲಿ ಹೋಗಬೇಕು. ‘ಸರ್, ಟಿಬಿ ಟೆಸ್ಟಿಗೂ ಒಂದು ಚೂರು ಸಲೈನಿನಲ್ಲಿ ಕಳಿಸ್ತೀರಾ?’ ಅಂತ ಮೊದಲೇ ಕೇಳಿ. ಎಷ್ಟೋ ಸಲ ಎಲ್ಲಾ ಚೂರೂ ಒಂದೇ ಡಬ್ಬಿಗೆ ಬಿದ್ದು, ಮತ್ತೆ ಪೇಷಂಟನ್ನ ಕರೆಸಿ ಕೊಯ್ದಿದ್ದನ್ನ ಕಂಡಿದ್ದೀನಿ.

ಡಬ್ಬಿಯ ಮೇಲೆ ಮಗಳ ಹೆಸರು, ವಯಸ್ಸು, ಯಾವ ಕಡೆಯ ಗಂಟು ಅಂತ ಬರೆದಿದ್ದಾರಾ ಕಣ್ಣಾರೆ ನೋಡಿ. ಮುಚ್ಚಳದ ಮೇಲೆ ಅಲ್ಲ, ಡಬ್ಬಿಯ ಮೈ ಮೇಲೆ. ಮುಚ್ಚಳ ಅದಲುಬದಲು ಆಗುತ್ತದೆ. ಬೀಗರಿಗೆ ರಿಪೋರ್ಟ್ ಬರೋ ತನಕ ಏನೂ ಹೇಳಬೇಡಿ.

ದೇವದುರ್ಗ ಮೇಷ್ಟ್ರು

ಸರ್, ಕೈ ಮುಗಿದೆ. ಸಲೈನ್ ವಿಷಯ ಬರೆದುಕೊಂಡೆ.

ಆಶಾ, ಕುಷ್ಟಗಿ

ವಕೀಲರ ಮನೆಯವರು ಮೇಲೆ ಗರ್ಭಕೋಶದ ಕೇಸ್ ಹೇಳಿದರಲ್ಲ, ಅದನ್ನ ಅಲ್ಲಿಗೇ ಬಿಡೋಕೆ ನನಗೆ ಮನಸ್ಸಿಲ್ಲ. ನಮ್ಮ ಹಳ್ಳಿಗಳಲ್ಲಿ ಮೂವತ್ತು, ಮೂವತ್ತೈದಕ್ಕೇ ‘ಗರ್ಭಚೀಲ ತೆಗೆಸಿದೀನಿ’ ಅನ್ನೋರು ಎಷ್ಟು ಜನ ಬೇಕು? ಕೇಳಿದರೆ ಬಿಳಿ ಹೋಗ್ತಿತ್ತು, ಸೊಂಟ ನೋಯ್ತಿತ್ತು, ಸ್ಕ್ಯಾನಿಂಗಲ್ಲಿ ಬಾವು ಅಂದರು, ಬಿಟ್ಟರೆ ಕ್ಯಾನ್ಸರ್ ಆಗುತ್ತೆ ಅಂದರು. ಮಕ್ಕಳಾಗಿವೆ, ಇನ್ನು ಯಾಕೆ ಅದು ಅಂತ ಗಂಡನೂ ಹೂಂ ಅಂತಾನೆ. ಹತ್ತಿ ಬಿಡಿಸೋ ಕಾಲಕ್ಕೆ ಮುಟ್ಟಿನ ಕಾಟವೂ ಇರೋದಿಲ್ಲ ಅಂತ ಅವಳೂ ಒಪ್ಪುತ್ತಾಳೆ.

ಬಿಳಿ ಹೋಗೋದಕ್ಕೆ ಎಷ್ಟೋ ಸಲ ಸೋಂಕು ಕಾರಣ, ಅದಕ್ಕೆ ಮಾತ್ರೆ ಇದೆ. ರಕ್ತಸ್ರಾವ ಜಾಸ್ತಿ ಇದ್ದರೆ ಮಾತ್ರೆ ಇದೆ, ಹಾರ್ಮೋನ್ ಇರುವ ಕಾಪರ್‌ಟಿಯಂಥ ಸಾಧನ ಇದೆ. ಕ್ಯಾನ್ಸರ್ ಹೆದರಿಕೆ ಇದ್ದರೆ ಮೊದಲು ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯಿಂದ ಜೀವಕೋಶ ಸವರಿ ತೆಗೆದು ನೋಡೋದು), ಗರ್ಭಕೋಶದ ಒಳಪದರದ ಬಯಾಪ್ಸಿ. ಬರೀ ಸ್ಕ್ಯಾನಿಂಗ್ ಚೀಟಿ ನೋಡಿ ಕೊಯ್ಯೋದಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಎಲ್ಲಾ ರಾಜ್ಯಗಳಿಗೂ ಹೇಳಿದೆ.

ಚೀಟಿಯಲ್ಲಿ ಟಿಎಎಚ್ ಅಂತಿದ್ದರೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯೋದು. ಪಕ್ಕದಲ್ಲಿ ಬಿಎಸ್‌ಒ ಅಂತ ಇದ್ದರೆ ಎರಡೂ ಅಂಡಾಶಯ, ನಾಳ ಸಮೇತ. ಆ ಮೂರು ಅಕ್ಷರ ನೋಡಿ ದಯವಿಟ್ಟು ಕೇಳಿ. ಅಂಡಾಶಯ ಹೋದರೆ ಮುಟ್ಟು ನಿಲ್ಲೋ ವಯಸ್ಸಿನ ಕಷ್ಟ ಎಲ್ಲಾ ಮೂವತ್ತೈದಕ್ಕೇ ಬರುತ್ತದೆ, ಮೈ ಉರಿ, ಮೂಳೆ ಸವೆತ ಎಲ್ಲಾ. ಎಷ್ಟು ತೆಗೆದರು ಅಂತ ಆ ಹೆಣ್ಣುಮಗಳಿಗೇ ಗೊತ್ತಿರೋದಿಲ್ಲ. ನನ್ನ ಏರಿಯಾದಲ್ಲಿ ಒಬ್ಬಳ ಕಾಗದ ನಾನು ಓದಿ ಹೇಳಿದಮೇಲೆ ಅವಳಿಗೆ ಗೊತ್ತಾಯಿತು. ಅಲ್ಲೇ ಕಟ್ಟೆ ಮೇಲೆ ಕೂತು ಕಾಗದವನ್ನ ತಿರುಗಿಸಿ ತಿರುಗಿಸಿ ನೋಡಿದಳು, ಓದೋಕೆ ಬರಲ್ಲ ಅವಳಿಗೆ.

ವಕೀಲರ ಮನೆ, ಕೊಪ್ಪಳ

ಕಾಗದ ಇಲ್ಲದವರು ಕೇಳಿ ಪಡೆಯಬಹುದು. ಅರ್ಜಿ ಕೊಟ್ಟ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲೇ ಇದೆ. ಬಾಯಿಮಾತಲ್ಲಿ ಕೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ತೋರಣಗಲ್ಲು ಶಿಫ್ಟ್

ಇದು ಒಳ್ಳೇ ಮಾಹಿತಿ. ನಮ್ಮಕ್ಕನಿಗೆ ಸಿಜೇರಿಯನ್ ಆದಮೇಲೆ ಸೊಂಟನೋವು ಹೋಗೇ ಇಲ್ಲ. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದಲೇ ಅಲ್ವಾ?

ರಾಯಚೂರು ಸಿಸ್ಟರ್

ಎಲ್ಲರೂ ಅದರ ಮೇಲೇ ಹಾಕುತ್ತಾರೆ. ಸ್ಪೈನಲ್ ಸೂಜಿ ತುಂಬಾ ತೆಳು, ಬೆನ್ನುಹುರಿ ಮುಗಿದ ಕೆಳಗಿನ ಜಾಗದಲ್ಲಿ ಕೊಡುತ್ತಾರೆ. ಕೆಲವು ದಿನ ಚುಚ್ಚಿದ ಜಾಗ ನೋಯಬಹುದು. ಕೂತರೆ ಜಾಸ್ತಿ, ಮಲಗಿದರೆ ಕಡಿಮೆ ಆಗೋ ತಲೆನೋವು ಬಂದರೆ ಅದು ಸ್ಪೈನಲ್‌ನಿಂದ, ಡಾಕ್ಟರಿಗೆ ಹೇಳಬೇಕು. ವರ್ಷಗಟ್ಟಲೆ ಸೊಂಟನೋವಿಗೆ ಬಸಿರು, ಬಗ್ಗಿ ಮಗು ಎತ್ತೋದು, ಹಾಲುಣಿಸುವಾಗ ಕೂರೋ ರೀತಿ ಇವೇ ಜಾಸ್ತಿ ಕಾರಣ. ನಾರ್ಮಲ್ ಹೆರಿಗೆ ಆದವರೂ ಸೊಂಟ ಹಿಡ್ಕೊಂಡೇ ಓಡಾಡ್ತಾರಲ್ಲ.

ಇಂಜೆಕ್ಷನ್ನಿಗಿಂತ ನನಗೆ ಹೆದರಿಕೆ ಮಂಡಾಳು ಒಗ್ಗರಣೆಯದು. ಎನ್‌ಬಿಎಂ ಅಂತ ಕೇಸ್ ಶೀಟಿನಲ್ಲಿ ಬರೆದು, ಬಾಯಿಗೆ ಏನೂ ಹಾಕಬೇಡಿ ಅಂತ ರಾತ್ರಿಯೇ ಹೇಳಿರುತ್ತೇವೆ. ಬೆಳಿಗ್ಗೆ ನೋಡಿದರೆ ಬೆಡ್ಡಿನ ಕೆಳಗೆ ಮಿರ್ಚಿ ಪೊಟ್ಟಣ. ‘ಅಜ್ಜ ಹಸಿವು ತಡೆಯಲ್ಲ ಸಿಸ್ಟರ್, ಎರಡೇ ತುತ್ತು ಕೊಟ್ಟೆ’ ಅಂತಾರೆ. ಮಂಪರಿನಲ್ಲಿ ಆ ಎರಡು ತುತ್ತು ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಜೀವವೇ ಹೋಗಬಹುದು. ಹಗುರ ತಿಂಡಿಗೆ ಕನಿಷ್ಠ 6 ಗಂಟೆ, ಎಣ್ಣೆ ಪದಾರ್ಥಕ್ಕೆ ಇನ್ನೂ ಜಾಸ್ತಿ, ಬರೀ ನೀರಿಗೆ 2 ಗಂಟೆ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರೋದಿಲ್ಲ. ಕೊಟ್ಟಿದ್ದರೆ ನಿಜ ಹೇಳಿಬಿಡಿ, ಬೈತೀವಿ, ಆಪರೇಷನ್ ಮುಂದಕ್ಕೆ ಹಾಕ್ತೀವಿ, ಅಷ್ಟೇ.

ಹೊಸಪೇಟೆ ರಸ್ತೆ

ಅತ್ತೆಗೆ ನಾಳಿದ್ದು ಬೆನ್ನಿನ ಎಂಆರ್‌ಐ. ಎಲ್ಲಾ ಆಭರಣ ತೆಗೀಬೇಕು ಅಂದರು. ತಾಳಿ ತೆಗೆಯಲ್ಲ ಅಂತ ಹಟ ಹಿಡಿದಿದ್ದಾರೆ. ಮೂಗುತಿ ತೆಗೆಯೋಕೂ ಬರ್ತಿಲ್ಲ, ಮದುವೆಯಲ್ಲಿ ಹಾಕಿದ್ದು. ಮೊಣಕಾಲಲ್ಲಿ ರಾಡ್ ಬೇರೆ ಇದೆ. ಸಿಟಿ ಸ್ಕ್ಯಾನೇ ಮಾಡಿಸಿದರೆ ಆಗಲ್ವಾ?

ಕ್ಯಾತ್‌ಲ್ಯಾಬ್ ಅಣ್ಣ

ಸಿಟಿ ಅಂದರೆ ಎಕ್ಸ್‌ರೇಯೇ, ಸುತ್ತ ತಿರುಗಿ ತೆಗೆಯೋದು. ಮೂಳೆ, ತಲೆಯೊಳಗಿನ ರಕ್ತಸ್ರಾವ ಬೇಗ ತೋರಿಸುತ್ತದೆ. ನರ, ಡಿಸ್ಕ್ ನೋಡೋಕೆ ಎಂಆರ್‌ಐಯೇ ಬೇಕು. ಅದರಲ್ಲಿ ವಿಕಿರಣ ಇಲ್ಲ, ಆಯಸ್ಕಾಂತ. ಯಂತ್ರ ಸದ್ದಿಲ್ಲದೆ ನಿಂತಿದ್ದರೂ ಆಯಸ್ಕಾಂತ ಆನ್ ಇರುತ್ತದೆ. 2018ರಲ್ಲಿ ಮುಂಬೈನಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ ಪೇಷಂಟ್ ಕಡೆಯವರೊಬ್ಬರು ಜೀವ ಕಳೆದುಕೊಂಡರು.

ತಾಳಿಗೆ ನಮ್ಮಲ್ಲಿ ಬರೋ ಹೆಣ್ಣುಮಕ್ಕಳು ಒಂದು ದಾರಿ ಕಂಡುಕೊಂಡಿದ್ದಾರೆ. ಅರಿಶಿನದ ಕೊಂಬನ್ನ ನೂಲಿನ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು, ಆಮೇಲೆ ತಾಳಿ ತೆಗೆಯುತ್ತಾರೆ. ದಾರದಲ್ಲಿ ಜರಿ ಇರಬಾರದು. ಕಾಲುಂಗುರ, ಹೇರ್‌ಪಿನ್, ಹಲ್ಲಿನ ಸೆಟ್ ಮರೀಬೇಡಿ. ಮೂಗುತಿಯನ್ನ ಅಕ್ಕಸಾಲಿಗರ ಹತ್ತಿರ ಬಿಚ್ಚಿಸಿ, ಸ್ಕ್ಯಾನ್ ಸೆಂಟರಿನಲ್ಲಿ ಎಳೆದಾಡಿಸಬೇಡಿ. ಈಗಿನ ರಾಡ್ ಬಹಳಷ್ಟು ಟೈಟಾನಿಯಂ, ಸಾಮಾನ್ಯವಾಗಿ ತೊಂದರೆ ಆಗೋದಿಲ್ಲ, ಆದರೂ ಆ ಆಪರೇಷನ್ ಕಾಗದ ತಗೊಂಡು ಹೋಗಿ. ಪೇಸ್‌ಮೇಕರ್ ಇದ್ದವರು ಮಾತ್ರ ಕಾರ್ಡ್ ತೋರಿಸದೆ ಬಾಗಿಲ ಹತ್ತಿರವೂ ಹೋಗಬಾರದು. ಇದು ಪರೀಕ್ಷೆ ಮಾತ್ರ, ಸಾಮಾನ್ಯವಾಗಿ ಚುಚ್ಚೋದೂ ಇಲ್ಲ. ಸದ್ದು ಜೋರು, ಅರ್ಧ ಗಂಟೆ ಅಲ್ಲಾಡದೆ ಮಲಗಬೇಕು. ಕೈಗೆ ಒಂದು ಗುಂಡಿ ಕೊಡುತ್ತಾರೆ, ಹೆದರಿಕೆ ಆದರೆ ಒತ್ತಿದರೆ ಹೊರಗೆ ಕರ್ಕೊಳ್ತಾರೆ ಅಂತ ಅತ್ತೆಗೆ ಮೊದಲೇ ಹೇಳಿ.

ಹೊಸಪೇಟೆ ರಸ್ತೆ

ಅರಿಶಿನದ ಕೊಂಬಿಗೆ ಒಪ್ಪಿದರು ಅಣ್ಣ. ಮೂಗುತಿಗೆ ನಾಳೆ ಅಕ್ಕಸಾಲಿಗರ ಹತ್ತಿರ ಕರ್ಕೊಂಡು ಹೋಗ್ತೀನಿ.